ಕಾಣದ ಅಂಗಡಿಯಲ್ಲಿ ಕೊಳ್ಳುವಾಗ



ನಾವು ಬೆಳೆದ ಮಾಲನ್ನು ಮಾರುವಾಗ ಎಷ್ಟು ಎಚ್ಚರದಿಂದ ಇರುತ್ತೇವೆಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. ಕಾಫಿ ಕೊಳ್ಳುವ ವ್ಯಾಪಾರಿ ನಮ್ಮ ಮಾತನ್ನು ನಂಬಿ ಹಣ ಎಣಿಸುವುದಿಲ್ಲ. ಸ್ಯಾಂಪಲ್ ತೆಗೆಯುತ್ತಾನೆ, ತೇವಾಂಶ ನೋಡುತ್ತಾನೆ, ಚೆರ್ರಿಯ ಔಟ್‌ಟರ್ನ್ ಲೆಕ್ಕ ಹಾಕುತ್ತಾನೆ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ, ಚೀಲದ ಒಳಗೆ ಕೈಹಾಕಿ ನೋಡಿಯೇ ಧಾರಣೆ ಹೇಳುತ್ತಾರೆ. ನಾವೂ ಅಷ್ಟೇ, ಹಣ ಬರುವ ಖಾತ್ರಿಯಿಲ್ಲದ ವ್ಯಾಪಾರಿಗೆ ಒಂದು ಚೀಲವನ್ನೂ ಲಾರಿಗೆ ಏರಿಸುವುದಿಲ್ಲ.

ಆದರೆ ಇದೇ ನಾವು ಮೊಬೈಲಿನಲ್ಲಿ ಒಂದು ಚಿತ್ರ ಕಂಡೊಡನೆ, ಹೆಸರು ಗೊತ್ತಿಲ್ಲದ, ಊರು ಗೊತ್ತಿಲ್ಲದ ಅಂಗಡಿಗೆ ಕುಳಿತಲ್ಲಿಂದಲೇ ಹಣ ಕಳುಹಿಸಿಬಿಡುತ್ತೇವೆ. ಮಾರುವಾಗ ಇರುವ ಎಚ್ಚರ ಕೊಳ್ಳುವಾಗ ಎಲ್ಲಿ ಹೋಗುತ್ತದೆ? ಈ ಪಾಠವನ್ನು ಬರೆಯಲು ಕಾರಣ ಆ ಪ್ರಶ್ನೆಯೇ. ಆನ್‌ಲೈನ್ ಖರೀದಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಪೇಟೆಯಿಂದ ಮೂವತ್ತು ನಲವತ್ತು ಕಿಲೋಮೀಟರು ಒಳಗಿರುವ ತೋಟದ ಮನೆಗೆ ಪಂಪಿನ ಬಿಡಿಭಾಗವೋ, ಮಕ್ಕಳ ಪುಸ್ತಕವೋ ಬಾಗಿಲಿಗೆ ಬರುವುದು ದೊಡ್ಡ ಅನುಕೂಲವೇ. ಆ ಅನುಕೂಲವನ್ನು ಕೈ ಸುಟ್ಟುಕೊಳ್ಳದೆ ಪಡೆಯುವುದು ಹೇಗೆಂಬುದೇ ಇಲ್ಲಿನ ವಿಷಯ.

ನಾವೇ ಕೆಟ್ಟ ಕಥೆ

ಪರೋಪದೇಶಕ್ಕೆ ಮೊದಲು ನಮ್ಮ ಸ್ವಂತ ಅನುಭವವನ್ನು ಸದಸ್ಯರ ಮುಂದಿಡುವುದು ನ್ಯಾಯ. ಕಳೆದ ವರ್ಷ ಮುಂಗಾರಿಗೆ ಮೊದಲು, ತೋಟದಲ್ಲಿ ಕಳೆ ಹೊಡೆಸಲು ಆಳುಗಳು ಸಿಗದೆ ಒಂದು ಬ್ರಷ್ ಕಟರ್ ಕೊಳ್ಳಬೇಕೆಂದಿದ್ದೆವು. ಪೇಟೆಯ ಅಂಗಡಿಯಲ್ಲಿ ಸುಮಾರು 14,000 ರೂಪಾಯಿ ಹೇಳಿದ್ದರು. ಎರಡು ದಿನ ಕಳೆಯುವಷ್ಟರಲ್ಲಿ ಮೊಬೈಲಿನಲ್ಲಿ ಅದೇ ಬಗೆಯ ಯಂತ್ರದ ಜಾಹೀರಾತು ಬಂತು. ಬೆಲೆ 5,999 ರೂಪಾಯಿ. ‘ಎರಡು ಮಾತ್ರ ಉಳಿದಿವೆ, ಇನ್ನು ಒಂಬತ್ತು ನಿಮಿಷ’ ಎಂದು ಗಡಿಯಾರ ಇಳಿಯುತ್ತಿತ್ತು. ಕ್ಯೂಆರ್ ಕೋಡಿಗೆ ಹಣ ಕಳುಹಿಸುವಾಗ ಪರದೆಯ ಮೇಲೆ ಕಂಡ ಹೆಸರು ಕಂಪನಿಯದಲ್ಲ, ಯಾರೋ ಒಬ್ಬ ವ್ಯಕ್ತಿಯದು. ನೋಡಿದೆವು, ನೋಡಿಯೂ ಕಳುಹಿಸಿದೆವು.

ಹತ್ತು ದಿನವಾದರೂ ಯಂತ್ರ ಬರಲಿಲ್ಲ. ಆಗ ಎರಡನೆಯ ತಪ್ಪು ಮಾಡಿದೆವು. ಅಂತರಜಾಲದಲ್ಲಿ ಹುಡುಕಿ ಸಿಕ್ಕಿದ ‘ಗ್ರಾಹಕ ಸೇವೆ’ಯ ನಂಬರಿಗೆ ಫೋನ್ ಮಾಡಿದೆವು. ಬಹಳ ಮರ್ಯಾದೆಯಿಂದ ಮಾತನಾಡಿದರು. ಹಣ ವಾಪಸು ಕೊಡಲು ಒಂದು ಆ್ಯಪ್ ಹಾಕಿಕೊಳ್ಳಿ ಎಂದರು. ಅದು ನಮ್ಮ ಮೊಬೈಲಿನ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್ ಎಂಬುದು ನಮಗೆ ತಿಳಿಯಲಿಲ್ಲ. ‘ಹಣ ಪಡೆಯಲು ಪಿನ್ ಒತ್ತಿ’ ಎಂದರು, ಒತ್ತಿದೆವು. ಗೊಬ್ಬರಕ್ಕೆಂದು ತೆಗೆದಿರಿಸಿದ್ದ ಹಣದಲ್ಲಿ 38,400 ರೂಪಾಯಿ ಹೋಯಿತು. ಮೊದಲಿನದೂ ಸೇರಿ ಒಟ್ಟು 44,399.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಪದವಿ ಓದಿದವರು, ಸಂಘದ ಕಾರ್ಯದರ್ಶಿ, ಊರವರಿಗೆ ಅರ್ಜಿ ಬರೆದುಕೊಡುವವರು ಹೀಗೆ ಮೋಸಹೋದರೆಂದು ಹೇಳುವುದು ಹೇಗೆ? ಮನೆಯವರಿಗೂ ಹೇಳದೆ ನಾಲ್ಕು ದಿನ ಸುಮ್ಮನಿದ್ದೆವು. ಐದನೆಯ ದಿನ ಬ್ಯಾಂಕಿಗೆ ಹೋದಾಗ ಮ್ಯಾನೇಜರು, ‘ಕಾರ್ಯದರ್ಶಿಗಳೇ, ಆ ಹೊತ್ತೇ ಒಂದು ಫೋನ್ ಮಾಡಬಾರದಿತ್ತೇ? ಈಗ ಆ ಖಾತೆಯಲ್ಲಿ ಏನೂ ಉಳಿದಿಲ್ಲ’ ಎಂದರು.

ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಧೈರ್ಯ ಮಾಡಿ ವಿಷಯ ಹೇಳಿದೆವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಮೂವರು ತಾವೂ ಕಳೆದುಕೊಂಡಿದ್ದೇವೆಂದರು. ಅವರಲ್ಲಿ ಒಬ್ಬರು ಹಣ ಕಳುಹಿಸಿದ್ದು ಅದೇ ಯಂತ್ರದ ಅದೇ ಚಿತ್ರಕ್ಕೆ, ನಮಗಿಂತ ಒಂದು ವಾರ ಮೊದಲು. ಅವರು ನಾಚಿಕೆಯಿಂದ ಹೇಳಲಿಲ್ಲ; ಹೇಳಿದ್ದರೆ ನಾವು ಉಳಿಯುತ್ತಿದ್ದೆವು. ನಾವೂ ನಾಲ್ಕು ದಿನ ಹೇಳಲಿಲ್ಲ. ಆದ್ದರಿಂದ ಈ ಲೇಖನದ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ಕಳ್ಳನಿಗೆ ನಮ್ಮ ಅಜ್ಞಾನಕ್ಕಿಂತ ನಮ್ಮ ಸಂಕೋಚವೇ ಹೆಚ್ಚು ಲಾಭ ತರುತ್ತದೆ.

ಹಣ ಕಳುಹಿಸುವ ಮೊದಲು

1. ಬೆಲೆಯನ್ನು ಹೋಲಿಸಿ. ಪೇಟೆಯ ಬೆಲೆಗಿಂತ ನೂರಕ್ಕೆ ಹತ್ತು ಹದಿನೈದು ಕಡಿಮೆಯಾದರೆ ಅದು ವ್ಯಾಪಾರ. ಅರ್ಧಕ್ಕಿಂತ ಕಡಿಮೆಯಾದರೆ ಕಾರಣವೇನೆಂದು ಕೇಳಬೇಕು. ಮಾರುಕಟ್ಟೆಯ ಅರ್ಧ ಧಾರಣೆಗೆ ಯಾರಾದರೂ ರಾಶಿ ಅಡಿಕೆ ಕೊಡುತ್ತೇನೆಂದರೆ ನಾವು ಚೀಲ ಬಿಚ್ಚಿ ನೋಡದೆ ಇರುತ್ತೇವೆಯೇ?

2. ಮಾರುವವನು ಯಾರೆಂದು ನೋಡಿ. ದೊಡ್ಡ ತಾಣಗಳಲ್ಲಿಯೂ ತಾಣ ಬೇರೆ, ಅದರಲ್ಲಿ ಮಾರುವ ವ್ಯಾಪಾರಿ ಬೇರೆ. 2020ರ ಜುಲೈ 23ರಂದು ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವನ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರು ಗ್ರಾಹಕನಿಗೆ ಕಾಣುವಂತಿರಬೇಕು. ಇವು ಇಲ್ಲದ ಕಡೆ ವ್ಯವಹಾರ ಬೇಡ. ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಅದನ್ನು ಸರ್ಕಾರದ ಜಿಎಸ್‌ಟಿ ತಾಣದಲ್ಲಿ ಹಾಕಿ ಯಾರ ಹೆಸರಿನದೆಂದು ನೋಡಬಹುದು, ಅದಕ್ಕೆ ಖರ್ಚಿಲ್ಲ. ಅದು 15 ಅಕ್ಷರ-ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕದ್ದು 29. ಬೆಂಗಳೂರಿನ ಅಂಗಡಿ ಎಂದು ಹೇಳಿಕೊಂಡು ಬಿಲ್ಲಿನಲ್ಲಿ ಬೇರೆ ಅಂಕಿಯಿದ್ದರೆ ಪ್ರಶ್ನಿಸಬೇಕು.

3. ತಾಣದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಹೆಸರಾಂತ ತಾಣದ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಮಾಡಿ ಸುಳ್ಳು ತಾಣ ಕಟ್ಟುವುದು ಸಾಮಾನ್ಯ ಉಪಾಯ. ವಿಳಾಸದ ಮೊದಲಿಗೆ ‘ಎಚ್‌ಟಿಟಿಪಿಎಸ್’ ಇದ್ದರೆ ಸಾಕೆಂದು ಕೆಲವರು ನಂಬಿದ್ದಾರೆ. ಲಕೋಟೆಗೆ ಅಂಟು ಹಾಕಿದೆ, ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಲಕೋಟೆಯನ್ನು ಪಡೆಯುವವನು ಪ್ರಾಮಾಣಿಕನೆಂದು ಅರ್ಥವಲ್ಲ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತುವ ಬದಲು ತಾಣದ ಹೆಸರನ್ನು ನಾವೇ ಬರೆದು ತೆರೆಯುವುದು ಕ್ಷೇಮ.

4. ಅವಸರಕ್ಕೆ ಬಗ್ಗಬೇಡಿ. ಇಳಿಯುವ ಗಡಿಯಾರ, ‘ಒಂದೇ ಉಳಿದಿದೆ’ ಎಂಬ ಮಾತು, ಕೇಳದೆಯೇ ಬುಟ್ಟಿಗೆ ಸೇರುವ ವಿಮೆ ಅಥವಾ ದಾನ, ಕೊನೆಯ ಪುಟದಲ್ಲಿ ಏರುವ ಬೆಲೆ, ಸುಲಭವಾಗಿ ಸೇರಿ ಕಷ್ಟದಿಂದ ಬಿಡಬೇಕಾದ ಚಂದಾ, ಇವೆಲ್ಲ ಗ್ರಾಹಕನ ಬುದ್ಧಿಯನ್ನು ಮಂಕು ಮಾಡುವ ತಂತ್ರಗಳು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಆದರೂ ಹಣ ಕಟ್ಟುವ ಮೊದಲು ಒಟ್ಟು ಮೊತ್ತವನ್ನೂ, ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನೂ ನೋಡುವುದು ನಮ್ಮ ಕೆಲಸ. ನಮ್ಮ ಮಟ್ಟಿಗೆ ಒಂದು ಕಟ್ಟು ಮಾಡಿಕೊಂಡಿದ್ದೇವೆ: 2,000 ರೂಪಾಯಿಗೆ ಮೀರಿದ ಯಾವ ವಸ್ತುವನ್ನೂ ಕಂಡ ದಿನವೇ ಕೊಳ್ಳುವುದಿಲ್ಲ. ಒಂದು ರಾತ್ರಿ ಕಳೆಯಲಿ, ಮನೆಯವರಲ್ಲಿ ಒಂದು ಮಾತು ಆಗಲಿ.

5. ವಿವರಗಳನ್ನು ಓದಿ. ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ ಅಥವಾ ಪ್ರಮಾಣ, ತಯಾರಕರ ಇಲ್ಲವೆ ಆಮದುದಾರರ ಹೆಸರು, ತಯಾರಾದ ದೇಶ, ಇವು ಪೊಟ್ಟಣದ ಮೇಲೆ ಇರುವಂತೆಯೇ ತಾಣದಲ್ಲಿಯೂ ಇರಬೇಕು. ಚಿತ್ರವನ್ನು ನೋಡಿ ಅಳತೆ ಊಹಿಸಬಾರದು. ನಮ್ಮ ಸದಸ್ಯರೊಬ್ಬರು ಟಾರ್ಪಾಲಿನ ಚಿತ್ರ ನೋಡಿ ಅಡಿಕೆ ಒಣಗಿಸಲು ತರಿಸಿದರು. ಬಂದದ್ದು ಸ್ಕೂಟರಿಗೆ ಹೊದಿಸುವಷ್ಟು. ಅಳತೆ ಕೆಳಗೆ ಬರೆದೇ ಇತ್ತು, ಇವರು ಓದಿರಲಿಲ್ಲ. ಇನ್ನು ಇತರರ ಅಭಿಪ್ರಾಯಗಳು. ಎಲ್ಲರೂ ಒಂದೇ ವಾರದಲ್ಲಿ, ಒಂದೇ ಮಾತಿನಲ್ಲಿ ಹೊಗಳಿದ್ದರೆ ಅನುಮಾನಿಸಿ. ಹೊಗಳಿಕೆಗಿಂತ ದೂರುಗಳನ್ನು ಮೊದಲು ಓದಿ.

ಹಣ ಕೊಡುವ ಬಗೆ

ಯುಪಿಐ 2016ರಲ್ಲಿ ಬಂದಾಗಿನಿಂದ ನಮಗೆಲ್ಲ ಒಗ್ಗಿಹೋಗಿದೆ. ಆದರೆ ಅದರ ಮೂಲ ಸೂತ್ರ ಹಲವರಿಗೆ ತಿಳಿದಿಲ್ಲ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ನಮಗೆ ಬರಬೇಕಾದ ಹಣಕ್ಕೆ ಯಾರಾದರೂ ಪಿನ್ ಕೇಳಿದರೆ, ಕೋಡ್ ಸ್ಕ್ಯಾನ್ ಮಾಡಿ ಎಂದರೆ, ಅದು ಮೋಸವೆಂದು ಆ ಕ್ಷಣವೇ ತಿಳಿಯತಕ್ಕದ್ದು. ಇದೊಂದು ಸೂತ್ರ ನಮಗೆ ಗೊತ್ತಿದ್ದಿದ್ದರೆ 38,400 ರೂಪಾಯಿ ಉಳಿಯುತ್ತಿತ್ತು.

ಹಣ ಕಳುಹಿಸುವ ಮುನ್ನ ಪರದೆಯಲ್ಲಿ ಕಾಣುವ ಹೆಸರು ಅಂಗಡಿಯದೇ ಎಂದು ನೋಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಫೋನಿನಲ್ಲಿ ಯಾರೋ ಹೇಳಿದರೆಂದು ಆ್ಯಪ್ ಹಾಕಿಕೊಳ್ಳಬೇಡಿ. ಗ್ರಾಹಕ ಸೇವೆಯ ನಂಬರನ್ನು ಅಂತರಜಾಲದಲ್ಲಿ ಹುಡುಕಬೇಡಿ. ಆ ಕಂಪನಿಯ ಆ್ಯಪಿನ ಒಳಗೆ ಇಲ್ಲವೆ ಬಿಲ್ಲಿನ ಮೇಲೆ ಇರುವುದನ್ನೇ ಬಳಸಿ. ಬ್ಯಾಂಕಿನ ನಂಬರು ಪಾಸ್‌ಪುಸ್ತಕದಲ್ಲಿ, ಕಾರ್ಡಿನ ಹಿಂಬದಿಯಲ್ಲಿ ಇರುತ್ತದೆ. ಆನ್‌ಲೈನ್ ಖರೀದಿಗೆಂದೇ ಚಿಕ್ಕದೊಂದು ಉಳಿತಾಯ ಖಾತೆ ಇಟ್ಟುಕೊಂಡು, ಬೇಕಾದಷ್ಟೇ ಹಣವನ್ನು ಅದಕ್ಕೆ ಹಾಕಿಕೊಳ್ಳುವುದು ಉತ್ತಮ. ಕಾಫಿ ಮಾರಿದ ಹಣವಿರುವ ಖಾತೆಯನ್ನು ಮೊಬೈಲಿಗೆ ಜೋಡಿಸಲೇಬೇಕೆಂದಿಲ್ಲ.

ವಸ್ತು ಕೈಗೆ ಬಂದ ಮೇಲೆ ಹಣ ಕೊಡುವ ಸೌಲಭ್ಯವಿದ್ದರೆ ಹೊಸ ಅಂಗಡಿಯ ಮಟ್ಟಿಗೆ ಅದೇ ಮೇಲು. ಅದರಲ್ಲಿಯೂ ಒಂದು ಎಚ್ಚರ ಬೇಕು. ಯಾರೂ ತರಿಸದ ಪಾರ್ಸೆಲ್ ಬಂದು, ಮನೆಯ ಹಿರಿಯರು ಮಗನೋ ಸೊಸೆಯೋ ತರಿಸಿರಬೇಕೆಂದು ಹಣ ಕೊಟ್ಟ ಉದಾಹರಣೆಗಳಿವೆ. ತರಿಸಿದವರನ್ನು ಕೇಳದೆ ಹಣ ಕೊಡಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ವಸ್ತು ಬಂದಾಗ

ಪೆಟ್ಟಿಗೆಯನ್ನು ಬಿಚ್ಚುವ ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವೀಡಿಯೊ ತೆಗೆಯಿರಿ. ಮೇಲಿನ ವಿಳಾಸದ ಚೀಟಿ, ಅಂಟುಪಟ್ಟಿ, ಒಳಗಿನ ವಸ್ತು, ಅದರ ನಂಬರು ಎಲ್ಲವೂ ಒಂದೇ ಓಟದಲ್ಲಿ ಕಾಣಬೇಕು. ಸದಸ್ಯರೊಬ್ಬರು ಒಂದೂವರೆ ಅಶ್ವಶಕ್ತಿಯ ಪಂಪ್ ತರಿಸಿದ್ದರು. ಪೆಟ್ಟಿಗೆ ತೆರೆದಾಗ ಎರಕದ ಕವಚ ಒಡೆದಿತ್ತು. ನಿಮ್ಮ ಕೈಯಲ್ಲೇ ಬಿದ್ದಿರಬೇಕೆಂದು ಮಾರಾಟಗಾರನ ವಾದ. ಇವರು ವೀಡಿಯೊ, ಬಿಲ್ಲು ಎರಡನ್ನೂ ತಾಣದ ದೂರು ವಿಭಾಗಕ್ಕೆ ಕಳುಹಿಸಿದರು. ಹನ್ನೊಂದು ದಿನಕ್ಕೆ ಹೊಸ ಪಂಪ್ ಬಂತು. ನಮಗೂ ಅವರಿಗೂ ಇದ್ದ ವ್ಯತ್ಯಾಸ ಇಷ್ಟೇ: ಅವರು ಕೊಂಡದ್ದು ಹೆಸರು ವಿಳಾಸವಿದ್ದ ಅಂಗಡಿಯಿಂದ, ಮತ್ತು ದಾಖಲೆ ಅವರ ಕೈಯಲ್ಲಿತ್ತು.

ಬಿಲ್ಲು, ಗ್ಯಾರಂಟಿ ಕಾರ್ಡು, ಆರ್ಡರಿನ ನಂಬರು, ಜಾಹೀರಾತಿನ ಚಿತ್ರ, ಇವನ್ನು ಗ್ಯಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳಬೇಕು. ಜಾಹೀರಾತು ನಾಳೆ ಮಾಯವಾಗಬಹುದು; ಇವತ್ತೇ ಪರದೆಯ ಚಿತ್ರ ತೆಗೆದಿಡಿ.

ತೋಟದ ಒಳಸುರಿಗಳ ವಿಷಯ

ಸೀರೆ, ಪಾತ್ರೆಗಳಲ್ಲಿ ಮೋಸವಾದರೆ ಹೋಗುವುದು ಅದರ ಬೆಲೆ ಮಾತ್ರ. ಔಷಧಿಯಲ್ಲಿ ಮೋಸವಾದರೆ ಹೋಗುವುದು ವರ್ಷದ ಫಸಲು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ. ಮೈಲುತುತ್ತು ಶುದ್ಧವಾಗಿದ್ದರೆ ಮಾತ್ರ ಆ ಲೆಕ್ಕ ಸರಿ. ಶುದ್ಧವಾದದ್ದರಲ್ಲಿ ತಾಮ್ರದ ಅಂಶ ನೂರಕ್ಕೆ ಸುಮಾರು 25 ಇರುತ್ತದೆ. ಕಲಬೆರಕೆಯ ಮಾಲಾಗಿದ್ದರೆ ಅದು ತಿಳಿಯುವುದು ಆಷಾಢದ ಮಳೆಯಲ್ಲಿ, ಕೊಳೆ ಬಂದು ಕಾಯಿ ಉದುರುವಾಗ. ಆಗ ಯಾವ ಅಂಗಡಿಯೂ ಹಣ ವಾಪಸು ಕೊಟ್ಟು ಗೊನೆಯನ್ನು ಉಳಿಸಲಾರದು.

ಕೀಟನಾಶಕಗಳನ್ನು ಆನ್‌ಲೈನಿನಲ್ಲಿ ಮಾರಲು 2022ರ ನವೆಂಬರಿನಲ್ಲಿ ನಿಯಮ ತಿದ್ದಿ ಅವಕಾಶ ಮಾಡಲಾಯಿತು. ಆದರೆ ಮಾರುವವನಿಗೆ ಲೈಸೆನ್ಸು ಇರಲೇಬೇಕು, ಅದನ್ನು ಪರಿಶೀಲಿಸುವ ಹೊಣೆ ತಾಣದ್ದು. ಲೈಸೆನ್ಸು ಕಾಣದ ಕಡೆ, ತಯಾರಾದ ತಾರೀಖು, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಇಲ್ಲದ ಪೊಟ್ಟಣವನ್ನು ಮುಟ್ಟಬೇಡಿ.

ಸಸಿಗಳ ವಿಷಯ ಇನ್ನೂ ಸೂಕ್ಷ್ಮ. ‘ಮೂರೇ ವರ್ಷಕ್ಕೆ ಫಸಲು’ ಎಂಬ ಜಾಹೀರಾತು ನಂಬಿ ತರಿಸಿದ ಅಡಿಕೆ ಸಸಿಯ ನಿಜ ಬಣ್ಣ ತಿಳಿಯಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಮಾರಿದವನೂ ಇಲ್ಲ, ನಮ್ಮ ಐದಾರು ವರ್ಷವೂ ಇಲ್ಲ. ಕಾಫಿ ಬೀಜಕ್ಕೆ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ, ಅಡಿಕೆಗೆ ಕಾಸರಗೋಡು, ವಿಟ್ಲದ ಸಂಶೋಧನಾ ಕೇಂದ್ರಗಳು, ತೋಟಗಾರಿಕೆ ಇಲಾಖೆ, ಇಲ್ಲವೆ ಕಣ್ಣಾರೆ ಕಂಡ ನರ್ಸರಿ, ಇವೇ ಸರಿಯಾದ ದಾರಿ.

ಮೋಸವಾದರೆ

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ತಿಳಿಯಬೇಕು. ಹಣವೇ ಕಳುವಾದರೆ ಅದು ಅಪರಾಧ. ವಸ್ತು ಕೆಟ್ಟದ್ದಾಗಿದ್ದರೆ ಅದು ಗ್ರಾಹಕ ವ್ಯಾಜ್ಯ. ಎರಡಕ್ಕೂ ದಾರಿ ಬೇರೆ ಬೇರೆ.

ಹಣ ಕಳುವಾದಾಗ ತಡಮಾಡದೆ 1930ಕ್ಕೆ ಫೋನ್ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಹಾಯವಾಣಿ. ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲಿಯೇ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ತಿಳಿಸುವ ವ್ಯವಸ್ಥೆ 2021ರಿಂದ ಇದೆ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆದುಬಿಡುವ ಮೊದಲೇ ತಡೆಯಬೇಕು. ಇಲ್ಲಿ ಗಂಟೆ ನಿಮಿಷಗಳೇ ಮುಖ್ಯ. ಫೋನ್ ಮಾಡುವಾಗ ಮೊತ್ತ, ತಾರೀಖು, ಸಮಯ, ವ್ಯವಹಾರದ ನಂಬರು ಕೈಯಲ್ಲಿರಲಿ. ಆಮೇಲೆ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರು ಬರೆದುಕೊಳ್ಳಿ.

ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಒಂದು ತತ್ತ್ವ ಹಾಕಿಕೊಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂತಹ ಸೂಚನೆ ಹೋಯಿತು. ಗ್ರಾಹಕನ ತಪ್ಪಿಲ್ಲದೆ ಹೊರಗಿನವರು ಹಣ ಎಗರಿಸಿ, ಗ್ರಾಹಕನು 3 ಕೆಲಸದ ದಿನಗಳ ಒಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ಅವನದಲ್ಲ. ಪಿನ್ ಅಥವಾ ಒಟಿಪಿಯನ್ನು ತಾನೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹೇಗೆ ನೋಡಿದರೂ ಬೇಗ ತಿಳಿಸಿದವನಿಗೇ ಲಾಭ.

ವಸ್ತು ಸರಿಯಿಲ್ಲದಿದ್ದರೆ ಮೊದಲು ತಾಣದ ದೂರು ಅಧಿಕಾರಿಗೆ ಬರೆಯಿರಿ. ಮೇಲೆ ಹೇಳಿದ 2020ರ ನಿಯಮಗಳಂತೆ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ, ನಕಲಿಯಾದ, ಜಾಹೀರಾತಿನಂತೆ ಇಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಿದವನು ನಿರಾಕರಿಸುವಂತಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 1986ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ದೊಡ್ಡ ಉಪಕಾರವೆಂದರೆ, ಮಾರಿದವನು ದೆಹಲಿಯಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ದೂರಿಗೆ ಎರಡು ವರ್ಷದ ಗಡುವಿದೆ.

ಕೃಷಿಕರು ವ್ಯಾಪಾರಕ್ಕೆ ಕೊಂಡವರು, ಗ್ರಾಹಕರಲ್ಲ ಎಂದು ಎದುರುವಾದಿ ವಾದಿಸುವುದುಂಟು. ಬೀಜ ಕೊಂಡ ರೈತರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡ ವಸ್ತುವನ್ನು ವಾಣಿಜ್ಯದ ಖರೀದಿಯೆಂದು ಕಾಯಿದೆ ಎಣಿಸುವುದಿಲ್ಲ. ಆದರೂ ಬಿಲ್ಲನ್ನು ಎಸ್ಟೇಟಿನ ಸಂಸ್ಥೆಯ ಹೆಸರಿಗಿಂತ ಸ್ವಂತ ಹೆಸರಿನಲ್ಲಿ ಪಡೆದರೆ ತಕರಾರು ಕಡಿಮೆ.

ಕೊನೆಯ ಮಾತು

ಸಂಘದ ಕಚೇರಿಯಲ್ಲಿ ಇದಕ್ಕೆಂದೇ ಒಂದು ಪುಸ್ತಕ ಇಟ್ಟಿದ್ದೇವೆ. ಸದಸ್ಯರು ಕಂಡ ಅನುಮಾನದ ಜಾಹೀರಾತು, ಮೋಸದ ಫೋನು, ಕೆಟ್ಟ ಮಾಲು, ಯಾವುದೇ ಇರಲಿ, ಅದರಲ್ಲಿ ಬರೆಯಬಹುದು. ಹೆಸರು ಬರೆಯಬೇಕೆಂದಿಲ್ಲ. ತಿಂಗಳಿಗೊಮ್ಮೆ ಅದರ ಸಾರವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ದೂರು ಬರೆಯಲು ಕಷ್ಟವಾದವರಿಗೆ ಕಚೇರಿಯ ಗುಮಾಸ್ತರು ನೆರವಾಗುತ್ತಾರೆ. 1930 ಮತ್ತು 1915, ಈ ಎರಡು ನಂಬರುಗಳನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಇವತ್ತೇ ಬರೆದಿಡಿ.

ಆ ಪುಸ್ತಕದ ಮೊದಲ ಪುಟದಲ್ಲಿರುವುದು ನಮ್ಮದೇ 44,399 ರೂಪಾಯಿಯ ವಿವರ, ತಾರೀಖು ಸಮೇತ. ಸದಸ್ಯರು ಬಂದು ಓದಬಹುದು. ನಗುವವರು ನಗಲಿ, ಓದಿದ ಒಬ್ಬರ ಹಣ ಉಳಿದರೂ ನಮ್ಮ ಸಾಲ ತೀರಿದಂತೆ.